ಯಾರ ಪದಾರ್ಥಕ್ಕೂ ಆಗದ ಮೀನು

ನೂಕ್‌ಸ್ಯಾಕ್ ಡೇಸ್ ಅಂತ ಒಂದು ಮೀನಿದೆ. ಬೆರಳುದ್ದ, ಅಷ್ಟೇ. ಬೆನ್ನು ಮಾಸಲು ಹಸಿರು, ಹೊಟ್ಟೆ ಕೊಳೆ ಬಿಳಿ, ಕಣ್ಣಿನಿಂದ ಮೂತಿಯವರೆಗೆ ಒಂದು ಕಪ್ಪು ಗೆರೆ. ಮೂತಿ ಬಾಯಿಗಿಂತ ಮುಂದೆ ಚಾಚಿಕೊಂಡಿರುತ್ತದೆ, ಹಾಗಾಗಿ ಫೋಟೋದಲ್ಲಿ ನೋಡಿದರೆ ಯಾವಾಗಲೂ ಏನೋ ಬೇಜಾರಿನಲ್ಲಿರುವ ಹಾಗೆ ಕಾಣುತ್ತದೆ. ಕೆನಡಾದಲ್ಲಿ ಇದು ಬದುಕಿರೋದು ಬ್ರಿಟಿಷ್ ಕೊಲಂಬಿಯಾದ ದಕ್ಷಿಣದ ಮೂಲೆಯ ಕೆಲವೇ ಕೆಲವು ಹಳ್ಳಗಳಲ್ಲಿ. ಬರ್ಟ್ರಂಡ್, ಪೆಪಿನ್, ಫಿಶ್‌ಟ್ರ್ಯಾಪ್ ಅನ್ನೋ ಮೂರು ಹಳ್ಳ ಅಮೆರಿಕದ ಗಡಿಗೆ ತಾಗಿಕೊಂಡಿವೆ. ಇನ್ನೊಂದು ನಾವಿರುವ ಕಡೆಯೇ ಹರಿಯುವ ಬ್ರೂನೆಟ್ ನದಿ. ನದಿ ಅಂತ ಹೆಸರು, ನಮ್ಮ ಕಡೆಯವರು ನೋಡಿದರೆ ತೋಡು ಅಂತಾರೆ. ವ್ಯಾಂಕೂವರ್ ಪಕ್ಕದ ಬರ್ನಬಿ ಊರಿನ ಕೆರೆಯಿಂದ ಹೊರಟು, ಹೈವೇ ಪಕ್ಕ, ರೈಲು ಹಳಿ ಪಕ್ಕ, ಗೋದಾಮುಗಳ ಬೆನ್ನ ಹಿಂದೆ ಹರಿದು ಫ್ರೇಸರ್ ನದಿಗೆ ಸೇರುತ್ತದೆ.

ಇದೇ ಬ್ರೂನೆಟ್ ಪಕ್ಕದಲ್ಲೇ ಟ್ರಾನ್ಸ್ ಮೌಂಟನ್ ಎಣ್ಣೆ ಪೈಪ್‌ಲೈನ್ ಹೋಗಿದೆ.

ಊರಿಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ಮೀನಿನ ಕಥೆ ಹೇಳಿದೆ. ಅಮ್ಮ ಕೇಳಿದ್ದು ಒಂದೇ, "ಪದಾರ್ಥಕ್ಕೆ ಆಗ್ತದಾ ಮಾರಾಯ ಅದು?" ಇಲ್ಲ ಅಮ್ಮ, ಬೆರಳಷ್ಟು ಇರೋದು ಅಂದೆ. "ಹಾಗಾದ್ರೆ ದೇವಸ್ಥಾನದ ಮೀನಾ?" ಅದೂ ಅಲ್ಲ ಅಂದೆ. "ಮತ್ತೆ ಅದನ್ನು ಯಾರು ನೋಡಿಕೊಳ್ತಾರೆ?"

ಇಡೀ ವಿಷಯ ಅಲ್ಲೇ ಇದೆ ನೋಡಿ. ತಿನ್ನುವ ಮೀನಿಗೆ ಮೀನುಗಾರರ ಸಂಘ ಇರುತ್ತದೆ, ಪೂಜೆಯ ಮೀನಿಗೆ ಭಕ್ತರು ಇರುತ್ತಾರೆ. ಯಾವುದಕ್ಕೂ ಬಾರದ ಮೀನಿಗೆ ಇರೋದು ಕಾನೂನು ಮತ್ತು ಆ ಕಾನೂನನ್ನು ಹಿಡಿದುಕೊಂಡು ಜಗಳ ಆಡುವ ನಾಲ್ಕು ಜನ.

ಮೊದಲು ಈ ಮೀನಿಗೆ ಬೇಕಾದ್ದೇನು ಅಂತ ಹೇಳಿಬಿಡುತ್ತೇನೆ, ಯಾಕಂದ್ರೆ ಅದು ಗೊತ್ತಿಲ್ಲದಿದ್ದರೆ ಪೈಪ್‌ಲೈನಿನ ತೊಂದರೆ ಏನು ಅಂತ ಅರ್ಥ ಆಗೋದಿಲ್ಲ. ಹಳ್ಳದಲ್ಲಿ ನೀರು ಕಡಿಮೆ ಆಳದಲ್ಲಿ, ಉರುಟು ಕಲ್ಲುಗಳ ಮೇಲೆ, ಜುಳುಜುಳು ಸದ್ದು ಮಾಡಿಕೊಂಡು ಜೋರಾಗಿ ಹರಿಯುವ ಜಾಗಗಳಿರುತ್ತವಲ್ವಾ, ಇದಕ್ಕೆ ಅಂಥದ್ದೇ ಬೇಕು. ಕಲ್ಲಿನ ಸಂದಿಯಲ್ಲಿ ನುಸುಳಿಕೊಂಡು, ತಳಕ್ಕೆ ಅಂಟಿಕೊಂಡ ಹಾಗೆ ಕೂತು, ಅಲ್ಲೇ ಸಿಗುವ ಹುಳುಮರಿಗಳನ್ನು ತಿನ್ನುತ್ತದೆ. ಮೊಟ್ಟೆ ಇಡೋದೂ ಆ ಕಲ್ಲುಗಳ ನಡುವೆಯೇ, ವಸಂತದಿಂದ ಬೇಸಿಗೆಯ ನಡುವಿನವರೆಗೆ, ರಾತ್ರಿ ಹೊತ್ತಿನಲ್ಲಿ. ದೊಡ್ಡದಾದ ಮೇಲೂ ಹೆಚ್ಚಿನವು ಹುಟ್ಟಿದ ಜಾಗದಿಂದ ದೂರ ಹೋಗೋದಿಲ್ಲ, ಸುಮಾರು ಐವತ್ತು ಮೀಟರ್ ಹಳ್ಳದಲ್ಲೇ ಅವುಗಳ ಸಂಸಾರ ಮುಗಿದು ಹೋಗುತ್ತದೆ. ಅಂದರೆ ಆ ಐವತ್ತು ಮೀಟರ್ ಹಾಳಾದರೆ "ಪಕ್ಕಕ್ಕೆ ಹೋಗಿ ಬದುಕಿಕೊಳ್ಳುತ್ತದೆ ಬಿಡಿ" ಅನ್ನೋ ಮಾತು ಇಲ್ಲಿ ನಡೆಯೋದಿಲ್ಲ.

ಇದರ ಜೊತೆಗೆ ಇನ್ನೊಂದು ಮೀನಿನ ಹೆಸರು ಯಾವಾಗಲೂ ಬರುತ್ತದೆ, ಸೇಲಿಶ್ ಸಕ್ಕರ್. ಸ್ವಲ್ಪ ದೊಡ್ಡದು, ಕೆಳಗೆ ತಿರುಗಿದ ಬಾಯಿ, ಫ್ರೇಸರ್ ಕಣಿವೆಯ ಹಳ್ಳಗಳಲ್ಲಿ ಇರೋದು. ಇದರ ಅಭ್ಯಾಸ ಪೂರ್ತಿ ಉಲ್ಟಾ. ಇದಕ್ಕೆ ನಿಧಾನದ ನೀರು, ಆಳದ ಗುಂಡಿ ಬೇಕು. ಎರಡೂ ಹಿಮಯುಗದ ಕಾಲದಲ್ಲಿ ಈಗಿನ ವಾಷಿಂಗ್ಟನ್ ರಾಜ್ಯದ ಚೆಹಾಲಿಸ್ ಕಣಿವೆಯಲ್ಲಿ, ಮಂಜುಗಡ್ಡೆ ಮುಚ್ಚದೆ ಉಳಿದ ಜಾಗದಲ್ಲಿ ಬೇರೆಯವರ ಸಂಪರ್ಕ ತಪ್ಪಿ ಉಳಿದುಕೊಂಡವು ಅಂತ ವಿಜ್ಞಾನಿಗಳು ಹೇಳುತ್ತಾರೆ. ಮಂಜು ಕರಗಿದ ಮೇಲೆ ಉತ್ತರಕ್ಕೆ ಬಂದವು. ಗಡಿಯ ಆಚೆ ವಾಷಿಂಗ್ಟನ್ನಿನಲ್ಲಿ ಇವು ಇವತ್ತಿಗೂ ಇವೆ. "ಅಲ್ಲಿ ಇವೆಯಲ್ಲ, ಇಲ್ಲಿ ಹೋದರೇನು?" ಅಂತ ಕೇಳುವವರೂ ಇದ್ದಾರೆ. ಗಡಿ ಮೀನಿಗೆ ಗೊತ್ತಿಲ್ಲ, ನಿಜ. ಆದರೆ ಗಡಿಯ ಈ ಕಡೆ ಅದನ್ನು ಕಾಯುತ್ತೇವೆ ಅಂತ ಕಾನೂನು ಬರೆದದ್ದು ನಾವೇ ಅಲ್ವಾ?

ಆ ಕಾನೂನು ಬಂದದ್ದು 2002ರಲ್ಲಿ, ಅಪಾಯದಲ್ಲಿರುವ ಪ್ರಭೇದಗಳಿಗೆ ಅಂತಲೇ. ಅದರ ಪ್ರಕಾರ ಅಳಿವಿನಂಚಿನ ಪ್ರಾಣಿಗೆ ಸರ್ಕಾರ ಒಂದು ಚೇತರಿಕೆ ಯೋಜನೆ ಬರೆಯಬೇಕು, ಅದು ಬದುಕೋಕೆ ತೀರಾ ಬೇಕಾದ ಜಾಗ ಯಾವುದು ಅಂತ ಅದರಲ್ಲಿ ಗುರುತು ಹಾಕಬೇಕು. ಗುರುತು ಹಾಕಿದರೆ ಮುಂದೆ ಅಲ್ಲಿ ಏನಾದರೂ ಅಗೆಯುವವರಿಗೆ ತಲೆನೋವು. ನೂಕ್‌ಸ್ಯಾಕ್ ಡೇಸ್‌ನ ವಿಷಯದಲ್ಲಿ ಆದದ್ದು ಕೇಳಿ. ವಿಜ್ಞಾನಿಗಳು ಹಳ್ಳ ಹಳ್ಳ ಓಡಾಡಿ ಯಾವ ಭಾಗ ಮುಖ್ಯ ಅಂತ ಗುರುತು ಹಾಕಿಕೊಟ್ಟಿದ್ದರು. ಕೊನೆಗೆ ಮೀನುಗಾರಿಕಾ ಇಲಾಖೆಯಿಂದ ಯೋಜನೆ ಹೊರಗೆ ಬಂದಾಗ ಆ ಭಾಗವೇ ಮಾಯ! ಇಲಾಖೆಯ ಒಳಗಿನ ಧೋರಣೆ ಹಾಗಿತ್ತು, ತೆಗೆದುಬಿಟ್ಟಿದ್ದರು. ಪರಿಸರ ಸಂಘಟನೆಗಳು ಇಕೋಜಸ್ಟಿಸ್ ಅನ್ನೋ ಸಂಸ್ಥೆಯ ವಕೀಲರ ಮೂಲಕ ಕೋರ್ಟಿಗೆ ಹೋದವು. 2009ರಲ್ಲಿ ಫೆಡರಲ್ ಕೋರ್ಟಿನ ನ್ಯಾಯಮೂರ್ತಿ ಡಗ್ಲಸ್ ಕ್ಯಾಂಪ್‌ಬೆಲ್ ಇದು ಕಾನೂನಿಗೆ ನೇರವಾಗಿ ವಿರುದ್ಧ ಅಂತ ತೀರ್ಪು ಕೊಟ್ಟರು. ಬೆರಳುದ್ದದ ಮೀನು ಮಂತ್ರಿಯ ಮೇಲೆ ಕೇಸು ಗೆದ್ದಿತು. ಇಲ್ಲಿನ ಪರಿಸರ ಕಾನೂನು ಓದುವವರಿಗೆಲ್ಲ ಈ ಕೇಸು ಇವತ್ತಿಗೂ ಗೊತ್ತು, ಮೀನನ್ನು ಕಣ್ಣಾರೆ ನೋಡಿದವರು ಎಷ್ಟು ಜನವೋ.

ಇನ್ನು ಪೈಪ್‌ಲೈನ್. ಹಳೆಯದು 1953ರದ್ದು, ಆಲ್ಬರ್ಟಾದ ಎಡ್ಮಂಟನ್‌ನಿಂದ ಬರ್ನಬಿಯವರೆಗೆ ಸುಮಾರು 1,150 ಕಿಲೋಮೀಟರ್. ಅದರ ಜೊತೆಗೆ ಇನ್ನೊಂದು ಕೊಳವೆ ಹಾಕಿ ದಿನಕ್ಕೆ 3 ಲಕ್ಷ ಬ್ಯಾರೆಲ್ ಇದ್ದದ್ದನ್ನು 8 ಲಕ್ಷ 90 ಸಾವಿರಕ್ಕೆ ಏರಿಸೋದು ಯೋಜನೆ. 2016ರ ನವೆಂಬರ್‌ನಲ್ಲಿ 157 ಷರತ್ತುಗಳ ಜೊತೆ ಒಪ್ಪಿಗೆ ಸಿಕ್ಕಿತು. 2018ರಲ್ಲಿ ಕಂಪನಿ ಕೈ ಬಿಡುವ ಹಾಗೆ ಕಂಡಾಗ ಕೆನಡಾ ಸರ್ಕಾರವೇ 450 ಕೋಟಿ ಡಾಲರ್ ಕೊಟ್ಟು ಕೊಂಡುಕೊಂಡಿತು. ಅದೇ ವರ್ಷ ಆಗಸ್ಟ್‌ನಲ್ಲಿ ಫೆಡರಲ್ ಮೇಲ್ಮನವಿ ಕೋರ್ಟ್ ಒಪ್ಪಿಗೆಯನ್ನು ರದ್ದು ಮಾಡಿತು. ಮೂಲನಿವಾಸಿಗಳ ಜೊತೆ ಸರಿಯಾಗಿ ಮಾತಾಡಿಲ್ಲ, ಟ್ಯಾಂಕರ್ ಹಡಗುಗಳಿಂದ ಸಮುದ್ರಕ್ಕೆ ಆಗುವ ತೊಂದರೆ ನೋಡಿಲ್ಲ ಅಂತ. 2019ರ ಜೂನ್‌ನಲ್ಲಿ ಮತ್ತೆ ಒಪ್ಪಿಗೆ. 2024ರ ಮೇ ತಿಂಗಳಲ್ಲಿ ಎಣ್ಣೆ ಹರಿಯಿತು, ಅಷ್ಟರಲ್ಲಿ ಖರ್ಚು 3,400 ಕೋಟಿ ಡಾಲರ್ ಮುಟ್ಟಿತ್ತು.

ಈ ಗಲಾಟೆಯಲ್ಲಿ ಎಲ್ಲರ ಬಾಯಲ್ಲಿ ಇದ್ದದ್ದು ಓರ್ಕಾ ತಿಮಿಂಗಿಲ. ತಪ್ಪಲ್ಲ, ಇಲ್ಲಿನ ದಕ್ಷಿಣದ ಓರ್ಕಾಗಳು ಉಳಿದಿರೋದೇ ಎಪ್ಪತ್ತು ಚಿಲ್ಲರೆ. ಬ್ಯಾನರ್ ಮೇಲೆ ಓರ್ಕಾ, ಟೀ ಶರ್ಟ್ ಮೇಲೆ ಓರ್ಕಾ, ಕೋರ್ಟಿನಲ್ಲಿ ಓರ್ಕಾ. ಡೇಸ್ ಮತ್ತು ಸಕ್ಕರ್‌ಗೆ ಸಿಕ್ಕಿದ್ದು 157ರಲ್ಲಿ ಒಂದು ಷರತ್ತು. ಈ ಎರಡು ಮೀನುಗಳಿಗಾಗಿ ಪ್ರತ್ಯೇಕ ನಿರ್ವಹಣಾ ಯೋಜನೆ ಬರೆದು ಕೊಡಿ ಅಂತ. ಸುಮ್ನೆ ಹೀಯಾಳಿಸುತ್ತಿಲ್ಲ, ಒಂದು ಷರತ್ತಿನಲ್ಲಿ ಹೆಸರು ಹಿಡಿದು ಬರೆದದ್ದೂ 2009ರ ಆ ಜಗಳದ ನಂತರದ ದಿನಗಳಲ್ಲೇ ಸಾಧ್ಯ ಅಂತ ನನ್ನ ಅನಿಸಿಕೆ. ಆದರೆ ಬ್ಯಾನರ್ ಹಿಡಿಯುವವರು ಪೈಪ್‌ಲೈನ್ ಬೇಕಾ ಬೇಡವಾ ಅಂತ ಕೂಗಿದಷ್ಟು, ಹಳ್ಳ ದಾಟುವಾಗ ಹೇಗೆ ಅಗೆಯುತ್ತೀರಿ ಅಂತ ಕೇಳಲಿಲ್ಲ. ನನಗೆ ಈ ಎರಡನೇ ಪ್ರಶ್ನೆಯೇ ಮುಖ್ಯ. ಸಣ್ಣ ಮೀನು ಸಾಯೋದು ಬದುಕೋದು ಅಲ್ಲೇ.

ಹಳ್ಳ ದಾಟಿಸೋಕೆ ಸಾಮಾನ್ಯವಾಗಿ ಎರಡು ದಾರಿ. ಒಂದು, ಅಗೆದು ದಾಟಿಸೋದು. ಮೇಲೆ ಕೆಳಗೆ ಎರಡು ಕಡೆ ತಾತ್ಕಾಲಿಕ ಒಡ್ಡು ಕಟ್ಟುತ್ತಾರೆ, ಮೇಲಿನ ನೀರನ್ನು ಪಂಪ್ ಹಾಕಿ ಕೆಳಗಿನ ಕಡೆಗೆ ದಾಟಿಸುತ್ತಾರೆ. ನಡುವೆ ಸಿಕ್ಕಿಕೊಂಡ ಮೀನುಗಳನ್ನು ಹಿಡಿಯೋಕೆ ಬೆನ್ನಿಗೆ ಬ್ಯಾಟರಿ ಕಟ್ಟಿಕೊಂಡ ಜನ ನೀರಿಗೆ ಇಳಿದು ಸಣ್ಣಗೆ ಕರೆಂಟ್ ಕೊಡುತ್ತಾರೆ, ಮೀನು ಒಂದು ಕ್ಷಣ ಮರಗಟ್ಟಿ ತೇಲುತ್ತದೆ, ಬಲೆಯಲ್ಲಿ ಎತ್ತಿ ಬಕೆಟ್ಟಿಗೆ ಹಾಕಿ ಬೇರೆ ಕಡೆ ಬಿಡುತ್ತಾರೆ. ಸಮುದ್ರದಿಂದ ಹಳ್ಳಕ್ಕೆ ಬಂದು ಮೊಟ್ಟೆ ಇಡುವ ಸಾಲ್ಮನ್ ಮೀನಿನ ಮರಿಗಾದರೆ ಇದು ಒಂದು ಮಟ್ಟಕ್ಕೆ ಸರಿ. ಕಲ್ಲಿನ ಸಂದಿಗೆ ನುಸುಳಿ ಕೂರುವ ಡೇಸ್ ಹಾಗೆ ಸುಲಭಕ್ಕೆ ಮೇಲೆ ಬರೋದಿಲ್ಲ. ಕಲ್ಲಿನ ಅಡಿಯಲ್ಲೇ ಮರಗಟ್ಟಿದರೆ ಯಾರಿಗೆ ಕಾಣುತ್ತದೆ? ಆಮೇಲೆ ಜೆಸಿಬಿ ಬಂದು ತಳ ಅಗೆಯುತ್ತದೆ, ಕೊಳವೆ ಇಳಿಯುತ್ತದೆ, ಮಣ್ಣು ಮುಚ್ಚಿ ಮೇಲೆ ಕಲ್ಲು ಹಾಸುತ್ತಾರೆ. ನೀರು ಮತ್ತೆ ಬಿಟ್ಟಾಗ ಕೆಂಪು ನೀರು ಕೆಳಗೆ ಹೋಗುತ್ತದೆ. ಸಣ್ಣ ಮಣ್ಣು ಕಲ್ಲುಗಳ ನಡುವಿನ ಸಂದಿಗಳಲ್ಲಿ ಕೂತರೆ ಮುಗೀತು, ಹುಳಕ್ಕೂ ಜಾಗ ಇಲ್ಲ, ಮೊಟ್ಟೆಗೆ ಗಾಳಿಯೂ ಇಲ್ಲ. ಮೇಲಿಂದ ನೋಡುವವರಿಗೆ ಹಳ್ಳ ಮೊದಲಿನ ಹಾಗೇ ಕಾಣುತ್ತದೆ.

ಎರಡನೆಯದು, ತಳ ಮುಟ್ಟದೆ ಆಳದಲ್ಲಿ ಅಡ್ಡಕ್ಕೆ ಕೊರೆದು ಕೊಳವೆ ತೂರಿಸೋದು. ದುಡ್ಡು ಜಾಸ್ತಿ, ಮೀನಿಗೆ ಬಹಳ ಮಟ್ಟಿಗೆ ಒಳ್ಳೆಯದು. ಇದರಲ್ಲೂ ಕೊರೆಯುವಾಗ ಬಳಸುವ ಜೇಡಿ ನೀರು ಒತ್ತಡಕ್ಕೆ ಬಿರುಕು ಹಿಡಿದು ಹಳ್ಳದ ತಳದಲ್ಲಿ ಉಕ್ಕಿ ಬರೋದುಂಟು. ಅದು ವಿಷ ಅಲ್ಲ ಅಂತ ಹೇಳುತ್ತಾರೆ. ವಿಷ ಅಲ್ಲದಿರಬಹುದು, ಆದರೆ ಸಂದಿ ಮುಚ್ಚೋಕೆ ವಿಷ ಆಗಿರಬೇಕು ಅಂತೇನಿಲ್ಲವಲ್ಲ. ಮತ್ತೆ ದಡದ ಮರಗಳ ಕಥೆ ಬೇರೆ. ಯಂತ್ರ ನಿಲ್ಲಿಸೋಕೆ, ದಾರಿ ಮಾಡೋಕೆ ಮರ ಕಡಿದರೆ ಬೇಸಿಗೆಯಲ್ಲಿ ನೀರು ಕಾಯುತ್ತದೆ, ಕಾದ ನೀರಿನಲ್ಲಿ ಆಮ್ಲಜನಕ ಕಡಿಮೆ.

ಯಾವಾಗ ಅಗೆಯೋದು ಅನ್ನೋದು ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡುವ ಪ್ರಶ್ನೆ. ಫ್ರೇಸರ್ ಕಣಿವೆಯ ಸಾಲ್ಮನ್ ಹಳ್ಳಗಳಲ್ಲಿ ನೀರಿಗಿಳಿದು ಕೆಲಸ ಮಾಡೋಕೆ ಸಾಮಾನ್ಯವಾಗಿ ಬಿಡೋದು ಆಗಸ್ಟ್ ಮೊದಲಿನಿಂದ ಸೆಪ್ಟೆಂಬರ್ ಮಧ್ಯದವರೆಗೆ. ಯಾಕೆ ಅಂದ್ರೆ ಆಗ ಸಾಲ್ಮನ್ ಮೊಟ್ಟೆ ಹಳ್ಳದಲ್ಲಿ ಇರೋದಿಲ್ಲ, ದೊಡ್ಡ ಮೀನುಗಳು ಇನ್ನೂ ಸಮುದ್ರದಿಂದ ಬಂದಿರೋದಿಲ್ಲ. ಡೇಸ್‌ನ ಮೊಟ್ಟೆ ಕಾಲವೂ ಅಷ್ಟರಲ್ಲಿ ಮುಗಿದಿರುತ್ತದೆ, ಹಾಗಾಗಿ ಕಾಗದದ ಮೇಲೆ ಎಲ್ಲ ಚೆನ್ನಾಗಿದೆ. ಆದರೆ ಈ ಮೀನಿಗೆ ವರ್ಷದಲ್ಲಿ ಅತಿ ಕಷ್ಟದ ದಿನ ಯಾವುದು ಅಂದರೆ ಅದೇ ಬೇಸಿಗೆಯ ಕೊನೆ! ನೀರು ಇಳಿದು, ಜುಳುಜುಳು ಹರಿಯುವ ಜಾಗಗಳೆಲ್ಲ ಒಣಗಿ ಕಲ್ಲು ಕಾಣುವ ಸಮಯ. ಸಕ್ಕರ್ ಇರುವ ಗುಂಡಿಗಳಲ್ಲೂ ಆಗಲೇ ಆಮ್ಲಜನಕ ತಳ ಮುಟ್ಟೋದು. ಸರಿಯಾಗಿ ಆಗಲೇ ಪಂಪ್, ಒಡ್ಡು, ಜೆಸಿಬಿ. ಸಾಲ್ಮನ್‌ಗೆ ಹಾಕಿದ ಕ್ಯಾಲೆಂಡರಿನಲ್ಲಿ ಉಳಿದವರೆಲ್ಲ ಹೊಂದಿಕೊಂಡು ಹೋಗಬೇಕು. ಈ ದೇಶದಲ್ಲಿ ಮೀನು ಅಂದ್ರೆ ಸಾಲ್ಮನ್, ಅಷ್ಟೇ.

ಹಾಗಂತ ಸಾಲ್ಮನ್‌ಗಾದರೂ ಮರ್ಯಾದೆ ಸಿಕ್ಕಿತಾ ಅಂದರೆ 2017ರ ಕಥೆ ಇದೆ. ಕೆಲವು ಹಳ್ಳಗಳಲ್ಲಿ ಮೀನು ಮೊಟ್ಟೆ ಇಟ್ಟುಬಿಟ್ಟರೆ ಆಮೇಲೆ ಅಗೆಯೋಕೆ ಆಗೋದಿಲ್ಲ ಅಂತ, ಪೈಪ್‌ಲೈನ್ ಕಂಪನಿ ಮೊದಲೇ ಹೋಗಿ ಹಳ್ಳದ ತಳಕ್ಕೆ ಪ್ಲಾಸ್ಟಿಕ್ ಬಲೆ ಹಾಸಿತು. ಮೊಟ್ಟೆ ಇಡೋಕೆ ಜಾಗವೇ ಸಿಗಬಾರದು ಅಂತ! ಆ ಜಾಗಗಳಲ್ಲಿ ಕೆಲಸ ಶುರು ಮಾಡೋಕೆ ಬೇಕಾದ ಒಪ್ಪಿಗೆಗಳು ಇನ್ನೂ ಪೂರ್ತಿ ಕೈಗೆ ಬಂದಿರಲಿಲ್ಲ. ವಿಷಯ ಹೊರಗೆ ಬಂದು ಜನ ಬೈದ ಮೇಲೆ ರಾಷ್ಟ್ರೀಯ ಇಂಧನ ಮಂಡಳಿ ನಿಲ್ಲಿಸಿ ಅಂತ ಹೇಳಿತು. ಷರತ್ತನ್ನು ಒಬ್ಬರು ಹೇಗೆ ಓದುತ್ತಾರೆ ನೋಡಿ. ಮೊಟ್ಟೆ ಇರುವಲ್ಲಿ ಅಗೆಯಬಾರದು ಅಂತ ಬರೆದರೆ, ಮೊಟ್ಟೆಯೇ ಇಲ್ಲದ ಹಾಗೆ ಮಾಡಿದರಾಯಿತು.

ಬ್ರೂನೆಟ್ ಕಡೆ 2020 ಮತ್ತು 2021ರಲ್ಲಿ ಮರ ಹತ್ತಿ ಕೂತವರಿದ್ದರು. ಸೈಮನ್ ಫ್ರೇಸರ್ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದ ವೈದ್ಯ ಟಿಮ್ ಟಕಾರೊ ಅವರಲ್ಲಿ ಒಬ್ಬರು, ಆಮೇಲೆ 30 ದಿನ ಜೈಲು ಶಿಕ್ಷೆಯೂ ಆಯಿತು. ಆದರೆ ಬರ್ನಬಿಯಲ್ಲಿ ಮರ ಕಡಿಯೋದನ್ನು ತಿಂಗಳುಗಟ್ಟಲೆ ನಿಲ್ಲಿಸಿದ್ದು ಅವರೂ ಅಲ್ಲ, ಮೀನೂ ಅಲ್ಲ. 2021ರ ಏಪ್ರಿಲ್‌ನಲ್ಲಿ ಅಲ್ಲಿನ ಹಕ್ಕಿಪ್ರಿಯರು ಕಡಿಯುವ ದಾರಿಯಲ್ಲಿ ಅನ್ನಾಸ್ ಹಮ್ಮಿಂಗ್ ಬರ್ಡ್ ಅನ್ನೋ ಪುಟಾಣಿ ಹಕ್ಕಿಯ ಗೂಡು ಹುಡುಕಿ ತೋರಿಸಿದರು. ಗೂಡು ನಿಂಬೆಹಣ್ಣಿನ ಅರ್ಧ ಹೋಳಿನಷ್ಟು. ವಲಸೆ ಹಕ್ಕಿಗಳ ಕಾನೂನಿನಡಿ ಕೇಂದ್ರ ಪರಿಸರ ಇಲಾಖೆ ಆ ಭಾಗದ ಕೆಲಸವನ್ನು ಆಗಸ್ಟ್‌ವರೆಗೆ ನಿಲ್ಲಿಸಿತು. ನನಗೆ ಖುಷಿಯಾಯಿತು, ಹೊಟ್ಟೆ ಉರಿಯೂ ಆಯಿತು. ಗೂಡನ್ನು ದುರ್ಬೀನಿನಲ್ಲಿ ನೋಡಬಹುದು, ಫೋಟೋ ತೆಗೆದು ಅಧಿಕಾರಿಗೆ ಕಳಿಸಬಹುದು. ಕಲ್ಲಿನ ಅಡಿಯ ಮೀನಿನ ಫೋಟೋ ತೆಗೆಯೋದು ಹೇಗೆ? ಅದನ್ನು ಹಿಡಿದು ತೋರಿಸೋಕೂ ಲೈಸೆನ್ಸ್ ಬೇಕು. ಪಕ್ಕದ ಮನೆಯ ಅಜ್ಜಿಗೆ ದುರ್ಬೀನು ಹಿಡಿದು ಹಕ್ಕಿಯನ್ನು ಕಾಯೋದು ಸಾಧ್ಯ, ಈ ಮೀನನ್ನು ಕಾಯೋದು ಸಾಧ್ಯವಿಲ್ಲ.

ಎಣ್ಣೆ ಸೋರಿದರೆ ಏನು ಅಂತ ಕೇಳುವವರಿಗೆ ಎರಡು ಮಾತು. 2007ರ ಜುಲೈಯಲ್ಲಿ ಬರ್ನಬಿಯ ಇನ್‌ಲೆಟ್ ಡ್ರೈವ್ ರಸ್ತೆಯಲ್ಲಿ ಬೇರೆ ಯಾವುದೋ ಕೆಲಸಕ್ಕೆ ಅಗೆಯುತ್ತಿದ್ದ ಯಂತ್ರ ಈ ಹಳೆಯ ಕೊಳವೆಗೆ ತಾಗಿ, ಕಚ್ಚಾ ಎಣ್ಣೆ ಕಾರಂಜಿಯ ಹಾಗೆ ಚಿಮ್ಮಿ ಮನೆಗಳ ಮೇಲೆ ಬಿದ್ದು, ಮಳೆನೀರಿನ ಚರಂಡಿ ಹಿಡಿದು ಸಮುದ್ರಕ್ಕೆ ಹೋಯಿತು. ಎರಡು ಲಕ್ಷ ಲೀಟರ್‌ಗಿಂತ ಜಾಸ್ತಿ. ಇನ್ನೊಂದು ಅಮೆರಿಕದ ಮಿಷಿಗನ್‌ನಲ್ಲಿ, 2010ರ ಜುಲೈ. ಬೇರೆ ಕಂಪನಿಯ ಕೊಳವೆ ಒಡೆದು ಆಲ್ಬರ್ಟಾದ ಇದೇ ಥರದ ದಪ್ಪ ಎಣ್ಣೆ ಕಲಮಜೂ ನದಿಗೆ ಸೇರಿತು. ಡಾಂಬರಿನ ಹಾಗಿರುವ ಇದನ್ನು ಹರಿಸೋಕೆ ತೆಳು ದ್ರಾವಕ ಬೆರೆಸಿರುತ್ತಾರೆ. ಹೊರಗೆ ಬಿದ್ದ ಮೇಲೆ ದ್ರಾವಕ ಹಾರಿ ಹೋಗುತ್ತದೆ, ಉಳಿದದ್ದು ಮಣ್ಣು ಕಸ ಸೇರಿಸಿಕೊಂಡು ಮುಳುಗುತ್ತದೆ. ಕಲಮಜೂವಿನಲ್ಲಿ ಹಾಗೇ ಆಯಿತು, ತಳದ ಎಣ್ಣೆ ತೆಗೆಯೋಕೆ ವರ್ಷಗಟ್ಟಲೆ ಹೂಳೆತ್ತಬೇಕಾಯಿತು. ತಳದಲ್ಲೇ ಬದುಕುವ ಮೀನು ಇರುವ ತೋಡಿನಲ್ಲಿ ಹಾಗಾದರೆ ಹೂಳೆತ್ತೋದೇ ಇನ್ನೊಂದು ಸಾವು.

ಈಗ ಊರಿನ ವಿಷಯ. ಮಂಗಳೂರಿನಿಂದ ಹಾಸನದ ಮೇಲೆ ಬೆಂಗಳೂರಿಗೆ ಹೋಗುವ ಪೆಟ್ರೋಲಿಯಂ ಪೈಪ್‌ಲೈನ್ 2003ರಿಂದ ಇದೆ, ಉದ್ದ 362 ಕಿಲೋಮೀಟರ್. ಬೆಳ್ತಂಗಡಿ ತಾಲೂಕಿನ ನೆರಿಯದಲ್ಲಿ ಅದರ ಪಂಪಿಂಗ್ ಸ್ಟೇಷನ್. ಘಟ್ಟ ಹತ್ತುವ ಮೊದಲು ಅಲ್ಲಿ ತಳ್ಳಬೇಕಲ್ಲ. ಆ ಕಡೆ ಎಷ್ಟು ಹೊಳೆ, ಎಷ್ಟು ತೋಡು ಅಂತ ಅಲ್ಲಿನವರಿಗೆ ಹೇಳಬೇಕಾಗಿಲ್ಲ. ಅದೇ ತಾಲೂಕಿನ ಶಿಶಿಲದಲ್ಲಿ ಕಪಿಲಾ ಹೊಳೆಯ ದೇವರ ಮೀನುಗಳಿಗೆ 1996ರಲ್ಲಿ ಯಾರೋ ವಿಷ ಹಾಕಿ ರಾಶಿ ರಾಶಿ ಮೀನು ಸತ್ತಾಗ ಊರಿಗೆ ಊರೇ ದುಃಖಪಟ್ಟು ಸ್ಮಾರಕ ಕಟ್ಟಿತು. ಹೊಳೆಯ ಮೀನಿಗೆ ಸ್ಮಾರಕ! ಅಂಥ ಜನ ನಾವು. ಆದರೆ ಆ ಹೊಳೆಯಲ್ಲಿ ದೇವರ ಮೀನಿನ ಜೊತೆಗೇ ಇರುವ, ಕಲ್ಲಿಗೆ ಅಂಟಿಕೊಂಡು ಪಾಚಿ ತಿನ್ನುವ, ಮಳೆಗಾಲದಲ್ಲಿ ಮಕ್ಕಳು ಬೈರಾಸಿನಲ್ಲಿ ಹಿಡಿಯುವ ಸಣ್ಣ ಮೀನುಗಳ ಲೆಕ್ಕ ಯಾರಲ್ಲಿದೆ?

ಕ್ಯಾಲೆಂಡರಿನ ಜಗಳ ನಮ್ಮಲ್ಲೂ ಇದೆ, ಸ್ವಲ್ಪ ಬೇರೆ ರೀತಿಯಲ್ಲಿ. ನಮ್ಮಲ್ಲಿ ಮಳೆಗಾಲದಲ್ಲಿ ಮೀನು ಹತ್ತಿಕೊಂಡು ಮೇಲೆ ಹೋಗಿ ಮೊಟ್ಟೆ ಇಡುತ್ತದೆ, ಆಗ ಯಾರೂ ಹೊಳೆ ಅಗೆಯೋದಿಲ್ಲ, ಅಗೆಯೋಕೆ ಆಗೋದೂ ಇಲ್ಲ. ಅಗೆಯೋದು ಮಾರ್ಚ್, ಏಪ್ರಿಲ್. ಹೊಳೆ ಬತ್ತಿ, ಅಲ್ಲಲ್ಲಿ ಉಳಿದ ಗುಂಡಿಗಳಲ್ಲಿ ಇಡೀ ಹೊಳೆಯ ಮೀನು ಬಂದು ತುಂಬಿಕೊಂಡಿರುವ ಹೊತ್ತಿಗೆ. "ನೀರಿಲ್ಲ, ಈಗ ಮಾಡಿದರೆ ಯಾರಿಗೂ ತೊಂದರೆ ಇಲ್ಲ" ಅಂತ ಇಂಜಿನಿಯರ್ ಹೇಳೋದು ಅದೇ ಸಮಯಕ್ಕೆ. ಒಂದು ಗುಂಡಿಗೆ ಪಂಪ್ ಇಟ್ಟು ಒಣಗಿಸಿದರೆ ಒಂದು ಕಿಲೋಮೀಟರ್ ಹೊಳೆಯ ಮುಂದಿನ ವರ್ಷದ ಬೀಜ ಹೋಯಿತು ಅಂತಲೇ.

ಹಾಗಾಗಿ ಊರಿನಲ್ಲಿರುವ ಗೆಳೆಯರಿಗೆ ನಾನು ಹೇಳೋದು ಇಷ್ಟೇ. ಮುಂದೆ ನಿಮ್ಮ ಕಡೆ ಗ್ಯಾಸಿಂದೋ ಎಣ್ಣೆಯದೋ ಕೊಳವೆ ಬರುತ್ತದೆ ಅಂತ ಸಭೆ ಕರೆದರೆ, ಪರಿಹಾರದ ದುಡ್ಡಿನ ಮಾತು ಹೇಗೂ ಬರುತ್ತದೆ, ಬರಲೇಬೇಕು. ಅದು ಮುಗಿದ ಮೇಲೆ ಎದ್ದು ನಿಂತು ಕೇಳಿ. ಯಾವ ಯಾವ ತೋಡು ದಾಟುತ್ತೀರಿ, ಹೆಸರು ಹೇಳಿ. ಅಗೆಯುತ್ತೀರಾ, ಅಡಿಯಿಂದ ಕೊರೆಯುತ್ತೀರಾ? ಯಾವ ತಿಂಗಳು? ಅಲ್ಲಿ ಏಪ್ರಿಲ್‌ನಲ್ಲಿ ನೀರು ನಿಲ್ಲುವ ಗುಂಡಿ ಯಾವುದು ಅಂತ ನೋಡಿದ್ದೀರಾ, ಇಲ್ಲಾಂದ್ರೆ ನಾವು ತೋರಿಸುತ್ತೇವೆ. ಮೀನು ಹಿಡಿದು ಬೇರೆ ಕಡೆ ಬಿಡುವವರು ಯಾರು, ಅವರು ಕಲ್ಲು ಎತ್ತಿ ನೋಡುತ್ತಾರಾ? ಕೆಲಸ ಮುಗಿದು ಎರಡು ಮಳೆಗಾಲ ಕಳೆದ ಮೇಲೆ ಯಾರು ಬಂದು ನೋಡುತ್ತಾರೆ, ನೋಡಿದ್ದನ್ನು ಪಂಚಾಯಿತಿಗೆ ಬರೆದು ಕೊಡುತ್ತಾರಾ? ಉತ್ತರವನ್ನು ಸಭೆಯ ನಡಾವಳಿಯಲ್ಲಿ ಬರೆಸಿ, ಒಂದು ಪ್ರತಿ ಇಟ್ಟುಕೊಳ್ಳಿ. ಡೇಸ್‌ನ ಕೇಸು ನಿಂತದ್ದು ಅಂಥ ಕಾಗದಗಳ ಮೇಲೆಯೇ, ಏನಿತ್ತು ಮತ್ತು ಏನನ್ನು ತೆಗೆದುಹಾಕಿದರು ಅಂತ ಎದುರಿಗಿಟ್ಟು ತೋರಿಸೋಕೆ ಆಗಿದ್ದರಿಂದ.